ಜುಬೈದಾಳನ್ನು ದಡದಲ್ಲಿ ಬಿಟ್ಟ ದೋಣಿ

ನಮ್ಮ ಮನೆಯ ಬಾಲ್ಕನಿಯಲ್ಲಿ ಪ್ರತಿ ಶನಿವಾರ ಆನೆಗಳು ಒಣಗುತ್ತವೆ. ಬೀದಿಗೆ ಕಾಣುವ ಹಾಗೆ ಬಟ್ಟೆ ಹರವಬಾರದೆಂಬುದು ಈ ಊರಿನ ನಿಯಮ. ಹಾಗಾಗಿ ಅವು ಗೋಡೆಯ ಮಟ್ಟಕ್ಕಿಂತ ಕೆಳಗೆ, ಮಡಚುವ ಸ್ಟ್ಯಾಂಡಿನ ಮೇಲೆ, ಸೊಂಡಿಲು ಕೆಳಗಾಗಿ ನೇತುಬಿದ್ದು ಒಣಗುತ್ತವೆ. ಮಸ್ಕತ್ತಿನ ಅಲ್ ಗುಬ್ರಾದ ಬಿಸಿಲಿಗೆ ಅರ್ಧ ಗಳಿಗೆ ಸಾಕು. ನೀಲಿ ಬಣ್ಣದ ಸಡಿಲವಾದ ಪ್ಯಾಂಟು ಅದು, ಉದ್ದಕ್ಕೂ ಬಿಳಿ ಆನೆಗಳ ಮೆರವಣಿಗೆ. ಒಗೆದು ಒಗೆದು ಈಗ ಆನೆಗಳು ಯಾವುವು, ಬಣ್ಣ ಹೋದ ಕಲೆಗಳು ಯಾವುವು ಎಂದು ನನಗೊಬ್ಬಳಿಗೇ ಗೊತ್ತಾಗುತ್ತದೆ. ಐವತ್ತು ದಾಟಿದ ಹೆಂಗಸು ಮನೆಯಲ್ಲಿ ಇಂಥದ್ದನ್ನು ತೊಟ್ಟು ಓಡಾಡಬಹುದೇ ಎಂದು ನೀವು ಕೇಳಬಹುದು. ನನ್ನ ಮಗಳೂ ಕೇಳುತ್ತಾಳೆ.

"ಅಮ್ಮಾ, ಪ್ಲೀಸ್, ಮನೆಯೊಳಗೆ ಓಕೆ. ಲಿಫ್ಟಿಗೆ ಮಾತ್ರ ಬೇಡ. ಪೀಪಲ್ ವಿಲ್ ಸೀ."

ನೋಡಲಿ ಬಿಡಿ. ಈ ಪ್ಯಾಂಟಿಗೊಂದು ಜೋಡಿ ಇದೆ. ಅದು ಕೆಂಪು. ಅದು ಈಗ ಉಪ್ಪಿನಂಗಡಿಯಲ್ಲಿದೆ, ಜುಬೈದಾಳ ಕಪಾಟಿನಲ್ಲಿ.

ಮದುವೆಯಾಗಿ ನಾನು ಮಸ್ಕತ್ತಿಗೆ ಬಂದಿಳಿದಾಗ ನಮ್ಮ ಮೊದಲ ಮನೆ ಹಮ್ರಿಯಾದಲ್ಲಿತ್ತು. ಹಳೆಯ ಕಟ್ಟಡ, ಕೆಳಗೆ ದರ್ಜಿಯ ಅಂಗಡಿ, ಮೆಟ್ಟಿಲ ತುಂಬ ಹತ್ತು ಮನೆಗಳ ಒಗ್ಗರಣೆ. ನಮ್ಮ ತಲೆಯ ಮೇಲಿನ ಮನೆಯಲ್ಲಿ ಜುಬೈದಾ. ಉಪ್ಪಿನಂಗಡಿ ಕಡೆಯ ಬ್ಯಾರಿ ಹುಡುಗಿ, ನನ್ನದೇ ವಯಸ್ಸು. ಅವಳ ಗಂಡ ಇಬ್ರಾಹಿಮರಿಗೆ ರೂವಿಯಲ್ಲಿ ಸಿದ್ಧ ಉಡುಪಿನ ಅಂಗಡಿ. ಅವಳು ಮೇಲಿನಿಂದ ಮೀನು ಪುಳಿಮುಂಚಿ ಇಳಿಸಿದರೆ ನಾನು ಕೆಳಗಿನಿಂದ ನೀರುದೋಸೆ ಹತ್ತಿಸುತ್ತಿದ್ದೆ. ನಮ್ಮ ಮಾತು ತುಳುವಿನಲ್ಲಿ ಶುರುವಾಗಿ, ಕನ್ನಡದಲ್ಲಿ ನಡೆದು, ಜಗಳ ಬಂದರೆ ಅವಳದು ಬ್ಯಾರಿಯಲ್ಲೂ ನನ್ನದು ತುಳುವಿನಲ್ಲೂ ಮುಗಿಯುತ್ತಿತ್ತು. ಮಗಳ ಶಾಲೆಗೆ ಹತ್ತಿರವೆಂದು ನಾವು ಅಲ್ ಗುಬ್ರಾಕ್ಕೆ ಬಂದ ಮೇಲೂ ಶುಕ್ರವಾರ ಸಂಜೆ ತಪ್ಪಲಿಲ್ಲ. ನನಗೆ ಕಾರು ಬಿಡಲು ಬಾರದು. ಕಲಿಯಲು ಹೋಗಿ, ಹಿಂದಕ್ಕೆ ತೆಗೆಯುವ ಪರೀಕ್ಷೆಯಲ್ಲಿ ಡ್ರಮ್ಮುಗಳನ್ನೆಲ್ಲ ಉರುಳಿಸಿ ಬಂದವಳು ನಾನು. ಅವಳೇ ಕಾರು ಬಿಟ್ಟುಕೊಂಡು ಬರುತ್ತಿದ್ದಳು.

ಬ್ಯಾಂಕಾಕ್ ಎಂಬುದು ಜುಬೈದಾಳ ಸಂಸಾರದ ಸವತಿ. ಅಂಗಡಿಗೆ ಮಾಲು ತರಲು ಇಬ್ರಾಹಿಮರು ವರ್ಷಕ್ಕೆ ಎರಡು ಸಲವಾದರೂ ಅಲ್ಲಿಗೆ ಹೋಗುವವರು. ಮಗ ಹುಟ್ಟುವಾಗ ಅಲ್ಲಿದ್ದರು, ಮಗಳು ಹುಟ್ಟುವಾಗಲೂ ಅಲ್ಲೇ ಇದ್ದರು. "ಅಲ್ಲಿ ಎಂತ ಉಂಟು ಅಂತ ನಂಗೊಮ್ಮೆ ನೋಡ್ಬೇಕು ಮಾರಾಯ್ತಿ," ಎಂದು ಅವಳು ಹೇಳದ ವರ್ಷವಿಲ್ಲ. ನಾನೂ ಪ್ರತಿ ವರ್ಷ "ಹೋಗುವ, ಹೋಗುವ" ಎನ್ನುತ್ತಿದ್ದೆ. ಇಂಥ ಮಾತುಗಳನ್ನು ಯಾರೂ ನಿಜಮಾಡುವುದಿಲ್ಲವೆಂಬ ಧೈರ್ಯದಲ್ಲೇ ನಾವೆಲ್ಲ ಹಾಗೆ ಹೇಳುವುದಲ್ಲವೇ?

ಒಂದು ಶುಕ್ರವಾರ ಅವಳು ಬಂದು, ಚಪ್ಪಲಿ ಬಿಡುವ ಮೊದಲೇ, "ಯಲ್ಲಾ, ಹೊರಡು. ಟಿಕೆಟ್ ಆಯ್ತು," ಎಂದಳು.

"ಎಲ್ಲಿಗೆ?"

"ಬ್ಯಾಂಕಾಕಿಗೆ. ನಾವಿಬ್ಬರೇ. ಗಂಡಸರು ಬೇಡ."

ಇಷ್ಟು ವರ್ಷ ಇಲ್ಲದ ಅವಸರ ಈಗೇಕೆ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ವಿಮಾನದಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತೆಂಬ ಖುಷಿಯಲ್ಲಿ ಉಳಿದದ್ದೆಲ್ಲ ಮರೆತುಹೋಯಿತು.

ಮಸ್ಕತ್ತಿನಲ್ಲಿ ಬಹಳ ಕಾಲ ಇದ್ದವರಿಗೆ ಮೌನ ಒಂದು ಅಭ್ಯಾಸವಾಗಿಬಿಡುತ್ತದೆ. ಬೋಳು ಗುಡ್ಡ, ಬಿಳಿ ಮನೆ, ಅಗಲ ರಸ್ತೆ. ಮನೆಯಿಂದ ಕಾರು, ಕಾರಿನಿಂದ ಅಂಗಡಿ, ಅಂಗಡಿಯಿಂದ ಮತ್ತೆ ಕಾರು. ಕಾಲು ಇರುವುದು ಚಪ್ಪಲಿ ಹಾಕಿಕೊಳ್ಳುವುದಕ್ಕೆ. ಅಂಥಲ್ಲಿಂದ ಹೋದವಳನ್ನು ಬ್ಯಾಂಕಾಕ್ ತೋಳು ಹಿಡಿದು ತನ್ನೊಳಗೆ ಎಳೆದುಕೊಂಡಿತು. ಮೈಗೆ ಅಂಟಿಕೊಳ್ಳುವ ಒದ್ದೆ ಗಾಳಿ ನಮ್ಮೂರಿನ ಮೇ ತಿಂಗಳ ಕೊನೆಯದು. ಬಂದ ಅರ್ಧ ದಿನದಲ್ಲೇ ನನ್ನ ಕೂದಲು ಚಿಕ್ಕಂದಿನ ಹಾಗೆ ಗುಂಗುರಾಯಿತು. ಹುರಿದ ಬೆಳ್ಳುಳ್ಳಿ, ಮಜ್ಜಿಗೆಹುಲ್ಲು, ಚರಂಡಿ, ಊದುಬತ್ತಿ, ಬೇಯುವ ಅನ್ನ, ಎಲ್ಲ ಒಂದೇ ಉಸಿರಿನಲ್ಲಿ ಬರುತ್ತಿದ್ದವು. ಎಲ್ಲಿ ನೋಡಿದರೂ ಜನ ತಿನ್ನುತ್ತಿದ್ದರು, ನಡೆಯುತ್ತಿದ್ದರು, ಪ್ಲಾಸ್ಟಿಕ್ ಚೀಲದಲ್ಲಿ ಸಾರು ಹಿಡಿದು ಸ್ಕೂಟರಿನಲ್ಲಿ ಹೋಗುತ್ತಿದ್ದರು. ಅಂಗಡಿಗಳ ಮೇಲಿನ ಅಕ್ಷರಗಳು ದೂರದಿಂದ ಕನ್ನಡದ ಹಾಗೇ ಕಾಣುತ್ತಿದ್ದವು. ಇನ್ನೇನು ಓದಿಬಿಡುತ್ತೇನೆ ಎಂದು ಹತ್ತಿರ ಹೋದರೆ ಒಂದೂ ಗುರುತಿನದಲ್ಲ. ಕನಸಿನಲ್ಲಿ ಓದುವ ಪುಸ್ತಕ ಹೀಗೇ ಇರುತ್ತದೆ.

ಮೊದಲ ದಿನ ಜುಬೈದಾ ಹಟ ಹಿಡಿದು ಪ್ರತೂನಾಮಿಗೆ ಕರೆದೊಯ್ದಳು. ಇಬ್ರಾಹಿಮರು ಮಾಲು ಕೊಳ್ಳುತ್ತಿದ್ದ ಬಟ್ಟೆಪೇಟೆ ಅದು. ಕಿರಿದಾದ ಓಣಿ, ಎರಡೂ ಕಡೆ ಚಾವಣಿಯವರೆಗೆ ಬಟ್ಟೆಯ ಕಟ್ಟುಗಳು, ನಡುವೆ ತಳ್ಳುಗಾಡಿಯವರ ಕೂಗು. ಒಂದು ಮೂಲೆಯಲ್ಲಿ ಚಹಾ ಮಾರುವವನು, ಅವನ ಮುಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಯಾವುದೋ ದೇಶದ ಒಬ್ಬ ವ್ಯಾಪಾರಿ, ಬೆನ್ನು ಬಾಗಿಸಿ ಒಬ್ಬನೇ ಕುಳಿತು ಬನ್ನು ತಿನ್ನುತ್ತಿದ್ದ. ಜುಬೈದಾ ಅವನನ್ನೇ ನೋಡುತ್ತ ನಿಂತಳು.

"ಇಷ್ಟೇನಾ?" ಎಂದಳು. ಸ್ವಲ್ಪ ಹೊತ್ತಿನ ಮೇಲೆ, ನನಗಲ್ಲ, ತನಗೇ ಎಂಬಂತೆ, "ಪಾಪ," ಎಂದಳು.

ಹೋಟೆಲಿಗೆ ಮರಳುವಾಗ ಅವಳು ಮತ್ತೆ ಮತ್ತೆ ಹಿಂದೆ ಉಳಿಯುತ್ತಿದ್ದಳು. ಕಾಲು ನೋವಿರಬೇಕೆಂದು ನಾನು ತಿಳಿದೆ.

ಆನೆಗಳು ಬಂದದ್ದು ಮರುದಿನ. ನಾನು ಶಿಸ್ತಾಗಿ ಸೀರೆ ಉಟ್ಟು ಹೊರಟಿದ್ದೆ. ದೇವಾಲಯದ ಮೆಟ್ಟಿಲಲ್ಲಿ ಒಮ್ಮೆ, ಮೆಟ್ರೋ ಬಾಗಿಲಲ್ಲಿ ಒಮ್ಮೆ ನೆರಿಗೆ ತುಳಿದು ಮುಗ್ಗರಿಸಿದೆ. ಜುಬೈದಾ ರಸ್ತೆಬದಿಯ ಅಂಗಡಿಗೆ ನನ್ನನ್ನು ಎಳೆದು ನೀಲಿ ಪ್ಯಾಂಟು ಕೈಗಿಟ್ಟಳು. ಕನ್ನಡಿಯಲ್ಲಿ ನೋಡಿಕೊಂಡೆ. ಮೈಸೂರಿನ ಜಂಬೂಸವಾರಿಯೇ ನನ್ನ ಕಾಲಿಗೆ ಇಳಿದಂತಿತ್ತು. ನನ್ನ ಮುಖ ನೋಡಿ ಅವಳು ಕೆಂಪಿನದನ್ನು ತನಗೂ ತೆಗೆದುಕೊಂಡು, ಉದ್ದನೆಯ ಕುರ್ತಾದ ಕೆಳಗೆ ಏರಿಸಿ, "ನೀನೊಬ್ಬಳೇ ಮಂಗ ಆಗುದು ಬೇಡ," ಎಂದಳು. ಪ್ಯಾಂಟಿಗೆ ಜೇಬೊಂದಿತ್ತು, ಚಿಲ್ಲರೆ ಹಿಡಿಯುವಷ್ಟು. ಹಾಗಾಗಿ ನನ್ನ ಫೋನು, ಪಾಸ್‌ಪೋರ್ಟು, ಹೋಟೆಲಿನ ಚೀಟಿ ಎಲ್ಲವೂ ಅವಳ ಚೀಲಕ್ಕೆ ಹೋದವು.

ಆ ಊರಿನ ನದಿಯ ದಡದಲ್ಲಿ ಒಂದು ಹೂವಿನ ಪೇಟೆಯಿದೆ. ಅದರ ಪಕ್ಕದಲ್ಲೇ ದೋಣಿ ಹತ್ತುವ ಕಟ್ಟೆ. ಬಸ್ಸಿನ ಹಾಗೆ ದೋಣಿಗಳು ಬರುತ್ತವೆ, ಹೋಗುತ್ತವೆ. ನಾವು ಅದೇ ದಿನ ಆಚೆ ದಡದ ಗೋಪುರವೊಂದನ್ನು ನೋಡಲು ಕಾಯುತ್ತ ನಿಂತಿದ್ದೆವು. ದೋಣಿ ಬಂತು. ಹಗ್ಗದವನು ಸೀಟಿ ಊದಿದ, ಜನ ನುಗ್ಗಿದರು, ನಾನೂ ಅವರೊಂದಿಗೆ ಹೋದೆ. ನಮ್ಮೂರಿನ ಬಸ್ಸಿನಲ್ಲಿ ಕಲಿತ ವಿದ್ಯೆ, ಕಿಟಕಿಯ ಪಕ್ಕದ ಜಾಗ ಹಿಡಿದು, ಪಕ್ಕದಲ್ಲಿ ಕೈಯಿಟ್ಟು, "ಬಾ ಬಾ, ಇಲ್ಲುಂಟು!" ಎಂದು ತಿರುಗಿದರೆ ಜುಬೈದಾ ಇಲ್ಲ. ಅವಳು ಕಟ್ಟೆಯ ಮೇಲೇ ಇದ್ದಾಳೆ, ಪೇರಳೆ ಹೆಚ್ಚಿ ಮಾರುವವಳ ಮುಂದೆ, ಉಪ್ಪುಖಾರ ಹಚ್ಚಿಸಿಕೊಳ್ಳುತ್ತ. ಅವಳು ತಲೆಯೆತ್ತುವಷ್ಟರಲ್ಲಿ ನಮ್ಮ ನಡುವೆ ಕಂದು ನೀರು ಅಗಲವಾಗುತ್ತಿತ್ತು. ಅವಳ ಬಾಯಿ ತೆರೆದದ್ದು ಕಂಡಿತು. ಎಂಜಿನ್ನಿನ ಸದ್ದಿನಲ್ಲಿ ಏನೂ ಕೇಳಲಿಲ್ಲ.

ಮುಂದಿನ ಕಟ್ಟೆಯಲ್ಲಿ ಇಳಿದು ಹಿಂದಿರುಗಿದರಾಯಿತು ಎಂದುಕೊಂಡೆ. ಅಲ್ಲಿ ಹತ್ತುವವರ ನೂಕಿಗೆ ಏಳಲು ಆಗಲಿಲ್ಲ. ಅದರ ಮುಂದಿನದರಲ್ಲಿ ಏಳಬಹುದಿತ್ತು. ಏಳಲಿಲ್ಲ. ಗಾಳಿ ಬೀಸುತ್ತಿತ್ತು. ಅಂತರಗಂಗೆಯ ಹಸಿರು ದ್ವೀಪಗಳು ನೀರಿನ ಮೇಲೆ ತೇಲಿ ಬರುತ್ತಿದ್ದವು, ಒಂದರ ಮೇಲೆ ಬೆಳ್ಳಕ್ಕಿ ಮಾಲೀಕನ ಗತ್ತಿನಲ್ಲಿ ನಿಂತಿತ್ತು. ಚಿನ್ನದ ಶಿಖರಗಳು ಹಿಂದಕ್ಕೆ ಸರಿದವು. ನೀರಿನಲ್ಲಿ ಕಂಬ ಊರಿದ ಮರದ ಮನೆಗಳು ಬಂದವು. ಒಬ್ಬ ಮುದುಕ ಜಗಲಿಯಲ್ಲಿ ಕುಳಿತು ಗಿಡಕ್ಕೆ ನೀರು ಚಿಮುಕಿಸುತ್ತಿದ್ದ, ಕೆಳಗೆ ಅಷ್ಟು ದೊಡ್ಡ ನದಿಯಿರುವುದು ತನಗೆ ಗೊತ್ತೇ ಇಲ್ಲವೆಂಬಂತೆ. ನಡುವೆ ಒಂದು ಮಳೆ ಬಂತು, ಒಂದೇ ತಿರುವಿನಲ್ಲಿ ಹಿಂದೆ ಉಳಿಯಿತು.

ಚಿಕ್ಕವಳಿದ್ದಾಗ ಅಜ್ಜಿಯ ಮನೆಗೆ ಹೋಗಲು ಉದ್ಯಾವರ ಹೊಳೆಯನ್ನು ದೋಣಿಯಲ್ಲಿ ದಾಟಬೇಕಿತ್ತು. ಅಮ್ಮನ ಮಡಿಲಲ್ಲಿ ಬಾಳೆಲೆಯ ಹೂವಿನ ಕಟ್ಟು. ನಮ್ಮದು ಶಂಕರಪುರದ ಬಳಿ ಮಲ್ಲಿಗೆ ಬೆಳೆಯುವ ಮನೆ. ಬೆಳಗಾಗುವ ಮೊದಲು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ, ಬಸ್ಸಿಗೆ ಮುಟ್ಟಿಸಿ ಆಮೇಲೆ ಶಾಲೆ. ಮನೆಯಲ್ಲಿ ಎಲ್ಲರಿಗಿಂತ ಕೆಟ್ಟದಾಗಿ ಕಟ್ಟುತ್ತಿದ್ದವಳು ನಾನು. "ಇವಳ ಮಾಲೆ ಬಸ್ಸು ಹತ್ತುವ ಮೊದಲೇ ಬಿಚ್ಚಿಕೊಳ್ತದೆ," ಎನ್ನುತ್ತಿದ್ದಳು ಅಮ್ಮ. ಹೊಳೆ ದಾಟುವಾಗ ಮಾತ್ರ ನನಗೆ ಯಾವ ಕೆಲಸವೂ ಇರಲಿಲ್ಲ. ಕೈ ನೀರಿಗೆ ಬಿಟ್ಟು ಕುಳಿತರಾಯಿತು, ದೋಣಿಯೇ ಕರೆದೊಯ್ಯುತ್ತದೆ. ಆ ಮೇಲೆ ಓದು, ಮದುವೆ, ಮಗಳು, ಕಚೇರಿ ಎಂದು ಎಲ್ಲಿಗೋ ಮುಟ್ಟಬೇಕಾದ ಪ್ರಯಾಣಗಳೇ. ಈ ದೋಣಿಯಲ್ಲಿ, ಕಾಲ ತುಂಬ ಆನೆ ತೊಟ್ಟು ಕುಳಿತಿದ್ದಾಗ, ನಾನು ಎಲ್ಲಿದ್ದೇನೆಂದು ಜಗತ್ತಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಎದೆಯಲ್ಲಿ ಹೆದರಿಕೆ ಇರಬೇಕಾದ ಜಾಗವನ್ನು ತಡಕಿ ನೋಡಿದೆ. ಅಲ್ಲಿ ತಣ್ಣಗೆ ಗಾಳಿ ಆಡುತ್ತಿತ್ತು.

ಕೊನೆಯ ಕಟ್ಟೆ ಬಂದು ಎಲ್ಲರೂ ಇಳಿದರು. ಆಗ ಬಂತು ನೋಡಿ ಹೆದರಿಕೆ, ಇಷ್ಟು ಹೊತ್ತಿನ ಬಾಕಿಯನ್ನೆಲ್ಲ ಸೇರಿಸಿಕೊಂಡು. ನಾನು ಹತ್ತಿದ ಕಟ್ಟೆಯ ಹೆಸರೇನು? ನೋಡಿರಲಿಲ್ಲ. ಹೋಟೆಲಿನ ಹೆಸರು? ನಾಲಿಗೆಗೆ ಬರುತ್ತಿರಲಿಲ್ಲ. ಫೋನು ಜುಬೈದಾಳ ಚೀಲದಲ್ಲಿ. ಗಂಡನ ನಂಬರು ಬಾಯಿಪಾಠ ಬಿಟ್ಟು ಎಷ್ಟೋ ಕಾಲವಾಗಿತ್ತು. ಹಿಂದಿರುಗುವ ದೋಣಿ ಹತ್ತಿದೆ. ಟಿಕೆಟ್ಟಿನ ಹೆಂಗಸು ಉದ್ದನೆಯ ಲೋಹದ ಡಬ್ಬಿಯನ್ನು ಟಕಟಕ ಬಡಿಯುತ್ತ ಬಂದಳು. ಎಲ್ಲಿಗೆ ಎಂದು ಕೇಳಿದಳೆಂದು ಕಾಣುತ್ತದೆ.

"ಫ್ಲವರ್," ಎಂದೆ. ಅವಳಿಗೆ ತಿಳಿಯಲಿಲ್ಲ. "ಹೂ," ಎಂದೆ, ಅಷ್ಟು ಅಕ್ಷರಗಳು ನಮ್ಮವುಗಳ ಹಾಗೆ ಕಾಣುವಾಗ ಒಂದು ಪದವಾದರೂ ಹೊಂದೀತು ಎಂಬ ಆಸೆಯಲ್ಲಿ. ಅವಳು ಇಲ್ಲವೆಂದು ತಲೆಯಾಡಿಸಿದಳು. ಆಗ ನನ್ನ ಕೈಗಳು ತಾವಾಗಿಯೇ ಮೇಲೆದ್ದವು. ಎಡಗೈಯ ಬೆರಳಲ್ಲಿ ಇಲ್ಲದ ಮೊಗ್ಗು ಜೋಡಿಸಿ, ಬಲಗೈಯಿಂದ ಇಲ್ಲದ ನಾರು ಸುತ್ತಿ ಗಂಟು ಬಿಗಿದು, ಮಾಲೆಯನ್ನು ಮೂಗಿನ ಹತ್ತಿರ ತಂದು ಮೂಸಿ ತುರುಬಿಗೆ ಮುಡಿದು ತೋರಿಸಿದೆ. ದೋಣಿಯ ಅರ್ಧ ಜನ ನನ್ನನ್ನೇ ನೋಡುತ್ತಿದ್ದರು. ಟಿಕೆಟ್ಟಿನವಳ ಮುಖ ಅರಳಿತು. ಅವಳೂ ತನ್ನ ಮಣಿಕಟ್ಟಿಗೆ ಇಲ್ಲದ ಮಾಲೆ ಸುತ್ತಿಕೊಂಡು, ಕುಳಿತಿರು ಎಂಬಂತೆ ಅಂಗೈ ತಗ್ಗಿಸಿದಳು. ಕಟ್ಟೆಗಳು ಬಂದವು, ಹೋದವು. ಕೊನೆಗೆ ಒಂದು ಕಡೆ ಅವಳು ದೂರದಿಂದಲೇ ಡಬ್ಬಿ ಬಡಿದು ನನ್ನನ್ನು ಎಬ್ಬಿಸಿದಳು. ಇಳಿಯುವ ಮೊದಲೇ ವಾಸನೆ ಬಂತು.

ಜುಬೈದಾ ಕಟ್ಟೆಯ ಮೇಲೆ ಇರಲಿಲ್ಲ. ಪೇರಳೆಯವಳು ನನ್ನ ಪ್ಯಾಂಟು ನೋಡಿದ್ದೇ, ಏನೋ ಕೂಗಿ, ಕೈಹಿಡಿದು ಒಳಗೆ ಓಡಿಸಿಕೊಂಡು ಹೋದಳು. ಚೆಂಡುಹೂವಿನ ರಾಶಿಗಳ ಆಚೆ, ಮಲ್ಲಿಗೆ ಮಾರುವ ಕನ್ನಡಕದ ಹೆಂಗಸಿನ ಪಕ್ಕ, ಗಿಡ್ಡ ಸ್ಟೂಲಿನ ಮೇಲೆ ಕೆಂಪು ಆನೆಗಳು ಕಂಡವು. ಜುಬೈದಾಳ ಕೈಯಲ್ಲಿ ಮೊಳದುದ್ದದ ಸೂಜಿ. ಆ ಊರಿನವರು ಮಲ್ಲಿಗೆಯನ್ನು ಕಟ್ಟುವುದಿಲ್ಲ, ಸೂಜಿಗೆ ಪೋಣಿಸುತ್ತಾರೆ. ಅಳುತ್ತ ನಿಂತಿದ್ದವಳನ್ನು ಆ ಹೆಂಗಸು ಕರೆದು ಕೂರಿಸಿ, ನೀರು ಕುಡಿಸಿ, ಕೈಗೆ ಕೆಲಸ ಕೊಟ್ಟಿದ್ದಳಂತೆ. ಜುಬೈದಾಳ ಮೂಗು ಕೆಂಪಾಗಿತ್ತು.

ನನ್ನನ್ನು ಕಂಡದ್ದೇ ಸೂಜಿಯೊಂದಿಗೇ ಎದ್ದಳು.

"ಎಲ್ಲಿ ಹಾಳಾಗಿ ಹೋಗಿದ್ದಿ ವಾರಿಜಾ? ಪೊಲೀಸರಿಗೆ ಹೇಳುದಾ, ನಿನ್ನ ಗಂಡನಿಗೆ ಫೋನ್ ಮಾಡುದಾ ಅಂತ ತಲೆ ಕೆಟ್ಟು ಹೋಯ್ತು ನಂಗೆ!"

"ದೋಣಿ ಹೋಯ್ತು ಮಾರಾಯ್ತಿ, ನಾನೆಂತ ಮಾಡ್ಲಿ?"

"ಬಿಟ್ಟು ಹೋಗ್ಲಿಕ್ಕೆ ಇದ್ದದ್ದು ನಾನು! ನೀನು ಮೊದಲೇ ಹೋಗುದಾ?"

ಹೇಳಿದ ಮೇಲೆ ಅವಳೇ ಬೆಚ್ಚಿಬಿದ್ದಂತೆ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಕನ್ನಡಕದ ಹೆಂಗಸು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿ, ಇನ್ನೊಂದು ಸ್ಟೂಲು ಎಳೆದಳು. ನಾನು ಕುಳಿತೆ.

"ಎಂತ ಹೇಳಿದ್ದು ನೀನು?"

"ಖಲಾಸ್, ವಾರಿಜಾ." ಅವಳು ಸೂಜಿಯನ್ನೇ ನೋಡುತ್ತ ಹೇಳಿದಳು. "ಅಂಗಡಿ ಮುಚ್ಚುದು. ಈಗ ಯಾರು ಬರ್ತಾರೆ ಅಲ್ಲಿಗೆ, ಎಲ್ಲರಿಗೂ ಮಾಲ್ ಬೇಕು, ಇಲ್ಲದಿದ್ರೆ ಫೋನಿನಲ್ಲೇ ತರಿಸ್ತಾರೆ. ಅವರ ಕಾಲಿನ ಮಂಡಿಯೂ ಹೋಯ್ತು. ಮುಂದಿನ ತಿಂಗಳು ವೀಸಾ ಕ್ಯಾನ್ಸಲ್. ಊರಿಗೆ ಹೋಗುದು ನಾವು, ಪೂರ್ತಿ."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳ್ಲಿಕ್ಕೇ ಕರ್ಕೊಂಡು ಬಂದದ್ದು. ವಿಮಾನದಲ್ಲಿ ಹೇಳುವಾ ಅಂದ್ರೆ ನೀನು ಕಿಟಕಿ ಸೀಟು ಸಿಕ್ಕಿತಂತ ಕುಣಿತಾ ಇದ್ದಿ. ನಿನ್ನೆ ಆ ಓಣಿಯಲ್ಲಿ ನಂಗೇ ಮಾತು ಬರ್ಲಿಲ್ಲ. ಇವತ್ತು ಬೆಳಿಗ್ಗೆ ಹೇಳುವಾ ಅಂದ್ರೆ ನೀನು ಆನೆ ಹಾಕ್ಕೊಂಡು ನಿಂತಿದ್ದಿ. ಆನೆ ಹಾಕಿಕೊಂಡವಳ ಹತ್ತಿರ ಇದನ್ನೆಲ್ಲ ಹೇಗೆ ಹೇಳುದು?"

ನಗು ಬರಬೇಕಿತ್ತು. ನನಗೆ ಏನೂ ಬರಲಿಲ್ಲ. ಮುಂದೆ ಬೆತ್ತದ ತಟ್ಟೆಯಲ್ಲಿ ಮೊಗ್ಗುಗಳು ರಾಶಿ ಬಿದ್ದಿದ್ದವು. ದಾರದ ಉಂಡೆಯೂ ಇತ್ತು. ದಾರ ಎಳೆದು, ಶಂಕರಪುರದ ರೀತಿಯಲ್ಲಿ ಕಟ್ಟತೊಡಗಿದೆ. ಕಣ್ಣಿಗೆ ಮೊಗ್ಗು ಸರಿಯಾಗಿ ಕಾಣದಿದ್ದರೂ ಬೆರಳುಗಳಿಗೆ ದಾರಿ ಗೊತ್ತಿತ್ತು. ಕನ್ನಡಕದ ಹೆಂಗಸು ಬಗ್ಗಿ ನೋಡಿದಳು. ಸೂಜಿಯಿಲ್ಲದೆ ಹೂ ನಿಲ್ಲುವುದು ಅವಳಿಗೆ ಸೋಜಿಗ. ತಾನೂ ಮಾಡುತ್ತೇನೆಂದು ದಾರ ತೆಗೆದುಕೊಂಡಳು. ಎರಡು ಗಂಟಿಗೆ ಹೂವೆಲ್ಲ ಮಡಿಲಿಗೆ ಉದುರಿತು. ಅವಳು ಗಟ್ಟಿಯಾಗಿ ನಕ್ಕಳು. ಜುಬೈದಾ ಮೂಗು ಒರೆಸಿಕೊಂಡು ನಕ್ಕಳು. ಆಮೇಲೆ ನಾನು. ನಗುತ್ತ ನಗುತ್ತ ನಾನು ಅತ್ತೆ, ಅದು ಅವರಿಬ್ಬರಿಗೂ ತಿಳಿಯಿತು. ಯಾರೂ ಸಮಾಧಾನ ಮಾಡಲು ಬರಲಿಲ್ಲ. ಬಿಸಿಲು ಇಳಿಯುವವರೆಗೆ ಮೂವರೂ ಕುಳಿತು ಹೂವಿನ ಕೆಲಸ ಮಾಡಿದೆವು. ಆಚೆ ದಡದ ಗೋಪುರ ನಾವಿಲ್ಲದೆಯೇ ಇತ್ತು.

ಹೊರಡುವಾಗ ನಾನು ಕಟ್ಟಿದ ಮಾಲೆಯನ್ನು ಜುಬೈದಾಳ ಮಣಿಕಟ್ಟಿಗೆ ಸುತ್ತಿದೆ. ಅಮ್ಮನ ಮಾತು ಸುಳ್ಳಾಗಲಿಲ್ಲ. ಸಂಜೆಯ ರೈಲಿನಲ್ಲಿ, ಎತ್ತರದ ಹಳಿಯ ಮೇಲೆ ನಗರದ ದೀಪಗಳು ಕೆಳಗೆ ಹರಿಯುತ್ತಿರುವಾಗ, ಮಾಲೆ ಬಿಚ್ಚಿಕೊಂಡು ಮಲ್ಲಿಗೆ ಬೋಗಿಯ ತುಂಬ ಉರುಳಾಡಿತು. ನಿಂತವರೂ ಕುಳಿತವರೂ ಬಗ್ಗಿ ಒಂದೊಂದೇ ಹೆಕ್ಕಿ, ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟರು. ಜುಬೈದಾ ದುಪಟ್ಟಾದ ಸೆರಗು ಒಡ್ಡಿ ತುಂಬಿಸಿಕೊಳ್ಳುತ್ತಿದ್ದಳು. ಯಾರದೋ ಮದುವೆಯ ಮನೆಯೊಳಗೆ ತಪ್ಪಿ ಬಂದ ಹಾಗಿತ್ತು.

ಮರುತಿಂಗಳು ಅವರು ಹೋದರು. ಮಸ್ಕತ್ತಿನ ಸೀಬ್ ವಿಮಾನ ನಿಲ್ದಾಣದಲ್ಲಿ ಇಬ್ರಾಹಿಮರು ನಮ್ಮವರ ಕೈಯನ್ನು ಬಿಡದೆ ಹಿಡಿದುಕೊಂಡು ನಿಂತಿದ್ದರು. ನಾವಿಬ್ಬರು ಮಾತ್ರ, ಫ್ರಿಜ್ಜಿನಲ್ಲಿ ಉಳಿದ ಬಂಗುಡೆಯನ್ನು ಯಾರಿಗೆ ಕೊಟ್ಟದ್ದೆಂದು ಮಾತಾಡಿದೆವು. ಅಳುವುದನ್ನು ಅಲ್ಲೇ ನದಿಯ ದಡದಲ್ಲಿ ಮುಗಿಸಿ ಬಂದಿದ್ದೆವಲ್ಲ.

ಆಮೇಲಿನ ಶುಕ್ರವಾರಗಳು ಉದ್ದವಾದವು. ಅಡುಗೆಮನೆಯ ಕಿಟಕಿಯಲ್ಲಿ ನಿಂತರೆ ಉಪ್ಪುನೀರು ಸಿಹಿ ಮಾಡುವ ಸ್ಥಾವರದ ಚಿಮಣಿಗಳು, ಅವುಗಳ ಸಂದಿಯಲ್ಲಿ ಒಂದು ತುಂಡು ಸಮುದ್ರ. ಅಲ್ಲೇ ನಿಂತು ಅವಳ ಫೋನಿಗೆ ಕಾಯುತ್ತೇನೆ. ಮೊನ್ನೆ ಶುಕ್ರವಾರ ಅವಳ ದನಿಯ ಹಿಂದೆ ದೊಡ್ಡ ಮನೆಯ ಗದ್ದಲವಿತ್ತು. ಮಕ್ಕಳು, ಪಾತ್ರೆ, ಯಾರೋ ಯಾರನ್ನೋ ಕರೆಯುವುದು. ಅದರ ನಡುವೆಯೇ ಅವಳು ಹೇಳಿದಳು:

"ಇಲ್ಲಿ ನಂಗೆ ಹೆಸರೇ ಇಲ್ಲ ಮಾರಾಯ್ತಿ. ಒಬ್ಬರಿಗೆ ಅತ್ತಿಗೆ, ಒಬ್ಬರಿಗೆ ಚಿಕ್ಕಮ್ಮ, ಮಕ್ಕಳಿಗೆಲ್ಲ ಅಜ್ಜಿ. ಬೀದಿಯಲ್ಲಿ ಮಸ್ಕತ್ತಿನವರು. ಪ್ರೀತಿ ಉಂಟು ಎಲ್ಲರಿಗೂ, ಇಲ್ಲ ಅಂತ ಅಲ್ಲ. ಬಂದ ಮೇಲೆ ನನ್ನ ಹೆಸರು ಹಿಡಿದು ಒಬ್ಬರೂ ಕರೀಲಿಲ್ಲ. ನೀನೊಮ್ಮೆ ಕರಿ."

"ಈಗ?"

"ಮತ್ತೆ ಯಾವಾಗ? ಗಟ್ಟಿಯಾಗಿ ಕರಿ. ಹಮ್ರಿಯಾದಲ್ಲಿ ಮೆಟ್ಟಿಲ ಕೆಳಗಿಂದ ಕರೀತಿದ್ದಿಯಲ್ಲ, ಹಾಗೆ."

ಫೋನನ್ನು ಬಾಯಿಯ ಹತ್ತಿರ ಹಿಡಿದು ಕರೆದೆ. "ಜುಬೈದಾ!" ಆಚೆಯಿಂದ "ಓ!" ಎಂದಳು, ಅಷ್ಟೇ ಗಟ್ಟಿಯಾಗಿ.

ಒಳಗೆ ಬನಿಯನ್ನಿನಲ್ಲಿ ಮಲಗಿದ್ದ ನಮ್ಮವರಿಗೆ ಎಚ್ಚರವಾಯಿತು. "ಯಾರು ಬಂದದ್ದು?" ಎಂದರು.

"ಜುಬೈದಾ," ಎಂದೆ.

"ಹೌದಾ, ಕೂತ್ಕೊಳ್ಳಿಕ್ಕೆ ಹೇಳು," ಎಂದು ಅವರು ಎದ್ದು, ನಿದ್ದೆಗಣ್ಣಲ್ಲೇ ಶರ್ಟು ಹುಡುಕತೊಡಗಿದರು. ನಾನು ತಿದ್ದಲಿಲ್ಲ. ಚಹಾಕ್ಕೆ ನೀರಿಟ್ಟೆ.